ಹತ್ತು ನಂಬರ್ ಸಾಕೆಟ್ ಎಲ್ಲಿ ಹೋಯ್ತು?

ಕಾರಿನ ಕೆಲಸ ನಾನೇ ಮಾಡಿಕೊಳ್ಳಬಲ್ಲೆ ಎಂಬ ಹುಚ್ಚು ಹತ್ತಿದ್ದು ಎಸಿ ಫಿಲ್ಟರ್‌ನಿಂದ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಅದರ ಹಿಂದೆಯೇ ಇತ್ತು. ಹಳೆಯದನ್ನು ಎಳೆದು, ಬಾಣದ ಗುರುತು ನೋಡಿ ಹೊಸದನ್ನು ತೂರಿಸಿದೆ. ಹತ್ತೇ ನಿಮಿಷ. ಇಷ್ಟಕ್ಕಾ ಮೆಕ್ಯಾನಿಕ್‌ಗೆ ದುಡ್ಡು ಕೊಡ್ತಿದ್ದೆ ಅಂತ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಆಯಿಲ್ ಚೇಂಜ್‌ಗೆ ಕೈ ಹಾಕಿದೆ.

ಸಾಮಾನು ಬೇಕಲ್ಲ! ಬೋಲ್ಟ್ ಬಿಚ್ಚುವ ಸಾಕೆಟ್ ಸೆಟ್, ಆಯಿಲ್ ಫಿಲ್ಟರ್ ಬಿಚ್ಚುವ ಪಟ್ಟಿ, ಜಾಕ್. ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬಾರದು, ಹಾಗಾಗಿ ಎರಡು ಸ್ಟ್ಯಾಂಡ್. "ಇದೆಲ್ಲ ಒಂದೇ ಸಲದ ಖರ್ಚು ಕಣೇ" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೇ ನನಗೆ ಭಯ ಜಾಸ್ತಿ.

ಆಯಿಲ್ ಫಿಲ್ಟರ್‌ಗೆ ಕೈ ಎಟುಕಬೇಕಾದರೆ ಮೇಲಿನಿಂದ ಒಂದು ಡಬ್ಬಿ ಸರಿಸಬೇಕಿತ್ತು. ಅದರ ಬೋಲ್ಟಿಗೆ ಹತ್ತು ನಂಬರ್ ಸಾಕೆಟ್. ಬೋಲ್ಟ್ ಬಂತು, ಸಾಕೆಟ್ ಜಾರಿತು. ಟಣ್, ಟಣ್ ಅಂತ ಎರಡು ಸಲ ಕೇಳಿಸಿತು. ನೆಲಕ್ಕೆ ಬಿದ್ದ ಮೂರನೇ ಸದ್ದು ಬರಲೇ ಇಲ್ಲ. ಟಾರ್ಚ್ ಹಾಕಿ, ಅಯಸ್ಕಾಂತ ಇಳಿಬಿಟ್ಟು ಅರ್ಧ ಗಂಟೆ ಹುಡುಕಿದೆ. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಹನ್ನೊಂದು, ಹದಿಮೂರು ಎಲ್ಲ ಗುಂಡುಕಲ್ಲಿನ ಹಾಗೆ ಕೂತಿರುತ್ತವೆ. ಕಳೆಯುವುದು ಮಾತ್ರ ಹತ್ತೇ!

ಸರಿ, ಕಾರಿನಡಿ ಮಲಗಿದೆ. ಅಂಗಾತ ಮಲಗಿದವನಿಗೆ ಎಡ ಯಾವುದು, ಬಲ ಯಾವುದು ಗೊತ್ತಾಗುವುದಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು, ಹಳೇ ಆಯಿಲ್ ಇಳಿಸುವ ಡ್ರೇನ್ ಪ್ಲಗ್ಗನ್ನು ಐದು ನಿಮಿಷ ಬಿಗಿ ಮಾಡಿದೆ. ಆಮೇಲೆ ಬುದ್ಧಿ ಬಂದು ತಿರುಗಿಸಿದೆ. ಆ ಪ್ಲಗ್ ಇದ್ದದ್ದು ಅಡ್ಡಡ್ಡ. ನಾನು ಬೋಗುಣಿ ಇಟ್ಟದ್ದು ನೇರ ಕೆಳಗೆ. ಆಯಿಲ್ ಕಮಾನಿನಂತೆ ಬಾಗಿ ಬೋಗುಣಿಯನ್ನು ದಾಟಿ ಹೋಯಿತು. ಗಡಿಬಿಡಿಯಲ್ಲಿ ಬೋಗುಣಿ ಮುಂದಕ್ಕೆ ತಳ್ಳಿದೆ. ಅಷ್ಟರಲ್ಲಿ ಧಾರೆ ಸಣ್ಣದಾಗಿ ಮೊದಲಿನ ಜಾಗಕ್ಕೇ ಬೀಳತೊಡಗಿತು. ಆಯಿಲ್ ತೆಳ್ಳಗಾಗಲಿ ಅಂತ ಮೊದಲೇ ಇಂಜಿನ್ ಓಡಿಸಿದ್ದೆ. ಚೆನ್ನಾಗಿ ತೆಳ್ಳಗಾಗಿತ್ತು, ಬಿಸಿಯೂ ಆಗಿತ್ತು. ಅಂಗಿ ತೋಳಿನೊಳಗೆ ಮೊಣಕೈವರೆಗೂ ಹೋಯಿತು ಅಂದರೆ ನೀವೇ ನೋಡಿ.

ಹೊಸ ಫಿಲ್ಟರ್ ಹಾಕಿ, ಆಯಿಲ್ ತುಂಬಿ, ಹೆಂಡತಿಯನ್ನು ಕರೆದು ಗತ್ತಿನಿಂದ ಸ್ಟಾರ್ಟ್ ಮಾಡಿದೆ. "ರೀ, ಕೆಳಗೆ ಕಪ್ಪಗೆ ಏನೋ ಹರೀತಿದೆ" ಎಂದಳು. ಹೊಸ ಆಯಿಲ್ ಕಪ್ಪಗಿರಲ್ಲ ಕಣೇ ಅನ್ನುತ್ತಾ ಇಳಿದು ನೋಡಿದೆ. ಬಣ್ಣ ಏನೇ ಇರಲಿ, ಹರಿಯುತ್ತಂತೂ ಇತ್ತು.

ಕಾರು ಓಡಿಸುವ ಹಾಗಿರಲಿಲ್ಲ. ಮೆಕ್ಯಾನಿಕ್ಕೇ ಮನೆಗೆ ಬಂದ. ಫಿಲ್ಟರ್ ಬಿಚ್ಚಿ ತೋರಿಸಿದ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿತ್ತು. ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ರಿಂಗ್ ಮೇಲೆ ರಿಂಗ್ ನಿಲ್ಲುತ್ತದೆಯೇ?

"ಯಾರು ಸರ್ ಇದನ್ನ ಹಾಕಿದ್ದು?"

"ಯಾರೋ ಒಬ್ಬ" ಎಂದೆ. ಅವನು ನನ್ನ ಉಗುರು ನೋಡಿ ಸುಮ್ಮನಾದ.

ಚೆಲ್ಲಿದ ಆಯಿಲ್ ಒರೆಸಲು ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಇಳಿಸಿದ. ಅದರಲ್ಲಿ ಹತ್ತು ನಂಬರ್ ಸಾಕೆಟ್ ಇತ್ತು. ಒಂದಲ್ಲ, ಎರಡು. ಹೊಳೆಯುತ್ತಿದ್ದದ್ದನ್ನು ನನ್ನ ಕೈಗಿಟ್ಟ. ಸವೆದು ಹೋದ ಇನ್ನೊಂದನ್ನು ಮೆಲ್ಲಗೆ ತನ್ನ ಜೇಬಿಗೆ ಹಾಕಿಕೊಂಡ.