ಟಾಟಾ

ಮಕ್ಕಳಿಗೆ ನಾವು ಕಲಿಸುವ ಮೊಟ್ಟಮೊದಲ ನಟನೆ ಟಾಟಾ. ಇನ್ನೂ ಹಲ್ಲು ಬಂದಿರುವುದಿಲ್ಲ, ಅಂಬೆಗಾಲೂ ನೆಟ್ಟಗಿರುವುದಿಲ್ಲ. ಮನೆಗೆ ಬಂದವರು ಹೊರಡಲು ಎದ್ದರೆ ಸಾಕು, 'ಮಾಮಂಗೆ ಟಾಟಾ ಮಾಡು ಪುಟ್ಟಾ' ಎಂದು ಶುರು. ಪುಟ್ಟ ಪಿಳಿಪಿಳಿ ನೋಡುತ್ತದೆ. ಮಾಮ ಚಪ್ಪಲಿ ಮೆಟ್ಟಿ, ಗೇಟು ದಾಟಿ, ಸ್ಕೂಟರ್ ಹತ್ತಿ ತಿರುವಿನಲ್ಲಿ ಮರೆಯಾದ ಮೇಲೆ ಕೈ ಎತ್ತುತ್ತದೆ. ಅದೂ ಅಂಗೈಯನ್ನು ತನ್ನ ಕಡೆಗೇ ತಿರುಗಿಸಿಕೊಂಡು, ತನಗೆ ತಾನೇ ಹೋಗಿ ಬಾ ಎನ್ನುವ ಹಾಗೆ.

ನಮ್ಮಮ್ಮ 'ಹೋಗ್ತೀನಿ' ಎಂದರೆ ಗದರುತ್ತಿದ್ದಳು. 'ಬರ್ತೀನಿ ಅನ್ನು.' ಹೋಗುವವನು ಬರ್ತೀನಿ ಅನ್ನುವುದು ನಮ್ಮ ಮಾತಿನ ಸೌಜನ್ಯ, ಸ್ವಲ್ಪ ಸುಳ್ಳೂ ಹೌದು. ಕೈಗೆ ಮಾತ್ರ ಈ ವ್ಯಾಕರಣ ಗೊತ್ತಿಲ್ಲ. ತರಕಾರಿ ತರಲು ಹೊರಟವನ ಕೈ, ಮತ್ತೆ ಬಾರದ ಹಾಗೆ ಹೊರಟವನ ಕೈ, ಎರಡೂ ಆಡುವುದು ಒಂದೇ ಥರ. ವ್ಯತ್ಯಾಸ ತಿಳಿಯಬೇಕಾದವರಿಗಷ್ಟೇ ತಿಳಿಯುತ್ತದೆ.

ಹಾಗೆ ತಿಳಿದವನೊಬ್ಬ ಅಮೆರಿಕದ ನಟ ಜೀನ್ ಹ್ಯಾಕ್‌ಮನ್.

ಹುಟ್ಟಿದ್ದು 1930ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ. ಬೆಳೆದದ್ದು ಇಲಿನಾಯ್ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನಲ್ಲಿ, ಅಜ್ಜಿಯ ಮನೆಯಲ್ಲಿ. ಅಪ್ಪನಿಗೆ ಊರಿನ ಪತ್ರಿಕೆಯ ಅಚ್ಚುಯಂತ್ರ ನಡೆಸುವ ಕೆಲಸ. ಹುಡುಗನಿಗೆ 13 ವರ್ಷ. ಒಂದು ದಿನ ಬೀದಿಯಲ್ಲಿ ಗೆಳೆಯರ ಜೊತೆ ಆಡುತ್ತಿದ್ದಾನೆ. ಅಪ್ಪನ ಕಾರು ಹಾದುಹೋಯಿತು. ನಿಲ್ಲಲಿಲ್ಲ. ಅಪ್ಪ ಒಂದು ಸಲ ಕೈ ಬೀಸಿದ, ಅಷ್ಟೇ. ಸಂಜೆ ಸಿಗೋಣ ಅನ್ನುವ ಕೈ ಅದಲ್ಲ ಎಂದು ಹುಡುಗನಿಗೆ ನಿಂತಲ್ಲೇ ಗೊತ್ತಾಯಿತು. ಅಪ್ಪ ಮನೆ ಬಿಟ್ಟು ಹೋದದ್ದು ಹಾಗೆ. ಒಂದು ಸಣ್ಣ ಅಂಗಚೇಷ್ಟೆಗೆ ಎಷ್ಟು ಅರ್ಥ ಇರಬಹುದು ಎಂದು ಅವತ್ತು ತಿಳಿಯಿತು, ಬಹುಶಃ ಅದಕ್ಕೇ ನಟನಾದೆ ಎಂದು ಹ್ಯಾಕ್‌ಮನ್ ಆಮೇಲೆ ಹೇಳಿಕೊಂಡಿದ್ದಾನೆ. 70 ದಾಟಿದ ಮೇಲೆ, ನಟನೆ ಕಲಿಯುವ ಹುಡುಗರ ಎದುರು ಕೂತು ಈ ಸಂಗತಿ ಹೇಳುವಾಗಲೂ ಅವನ ಗಂಟಲು ಕಟ್ಟಿತು. ಎರಡು ಆಸ್ಕರ್ ಗೆದ್ದ ಮುಖ ಅದು. ಅಳು ತಡೆಯಲು ಅದಕ್ಕೆ ಆಗಲಿಲ್ಲ.

16ಕ್ಕೆ ವಯಸ್ಸು ಸುಳ್ಳು ಹೇಳಿ ನೌಕಾಪಡೆಯ ಮೆರೀನ್ ದಳ ಸೇರಿದ. (ಮೊದಲ ಪಾತ್ರ ಅದೇ ಅನ್ನಬಹುದು.) ಅಲ್ಲಿಂದ ಬಂದು ಏನೇನೋ ಮಾಡಿ, ಕೊನೆಗೆ ಪ್ಯಾಸಡೀನಾದ ನಾಟಕಶಾಲೆಗೆ ಸೇರಿದ. ಮುಂದೆ ಉದ್ಧಾರವಾಗುವ ಸಂಭವ ಎಲ್ಲರಿಗಿಂತ ಕಡಿಮೆ ಇರುವುದು ಈ ಇಬ್ಬರಿಗೆ ಎಂದು ಸಹಪಾಠಿಗಳು ಮತ ಹಾಕಿ ಆರಿಸಿದರು. ಒಬ್ಬ ಹ್ಯಾಕ್‌ಮನ್, ಇನ್ನೊಬ್ಬ ಡಸ್ಟಿನ್ ಹಾಫ್‌ಮನ್. ಇಬ್ಬರೂ ನ್ಯೂಯಾರ್ಕಿಗೆ ಬಂದರು. ಕೆಲವು ದಿನದ ಮಟ್ಟಿಗೆ ಎಂದು ಬಂದ ಹಾಫ್‌ಮನ್ ಹ್ಯಾಕ್‌ಮನ್ ದಂಪತಿಯ ಅಡುಗೆಮನೆಯ ನೆಲದ ಮೇಲೆ ಮಲಗಿದವನು ಏಳುವ ಲಕ್ಷಣವೇ ಕಾಣಲಿಲ್ಲ. ಟಾಟಾ ಮಾಡಬೇಕಾದವರು ಮಾಡದೇ ಇರುವ ಕಷ್ಟ ನೆಂಟರಿಷ್ಟರು ಹೆಚ್ಚಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಟ್ಟೆಪಾಡಿಗೆ ಹ್ಯಾಕ್‌ಮನ್ ಮನೆಸಾಮಾನು ಸಾಗಿಸಿದ, ಟೈಮ್ಸ್ ಸ್ಕ್ವೇರ್‌ನ ಒಂದು ರೆಸ್ಟೋರೆಂಟಿನ ಮುಂದೆ ಸಮವಸ್ತ್ರ ತೊಟ್ಟು ಬಾಗಿಲು ತೆಗೆಯುವವನಾಗಿ ನಿಂತ. ಸೈನ್ಯದಲ್ಲಿದ್ದಾಗಿನ ಒಬ್ಬ ಮೇಲಿನವನು ಆ ದಾರಿಯಲ್ಲಿ ಹೋಗುತ್ತಾ ಇವನನ್ನು ಗುರುತಿಸಿ ಹಂಗಿಸಿದನಂತೆ. ಹ್ಯಾಕ್‌ಮನ್ ಅದನ್ನು ಮರೆಯಲಿಲ್ಲ. ಮರೆಯಬಾರದವನು ಮರೆಯದಿದ್ದರೆ ಒಳ್ಳೆಯ ನಟ ಆಗುತ್ತಾನೇನೋ. ನನ್ನಂಥವರು ಆದರೆ ಅಜೀರ್ಣ ಮಾಡಿಕೊಳ್ಳುತ್ತೇವೆ.

1967ರಲ್ಲಿ 'ದಿ ಗ್ರ್ಯಾಜುಯೇಟ್' ಚಿತ್ರದ ತಾಲೀಮಿನಲ್ಲೇ ಅವನನ್ನು ಕೈಬಿಟ್ಟರು. ಅಡುಗೆಮನೆಯಲ್ಲಿ ಮಲಗುತ್ತಿದ್ದ ಹಾಫ್‌ಮನ್ ಅದರಲ್ಲಿ ನಾಯಕನಾಗಿ ರಾತ್ರೋರಾತ್ರಿ ತಾರೆಯಾದ. ಅದೇ ವರ್ಷ 'ಬಾನಿ ಅಂಡ್ ಕ್ಲೈಡ್'ನಲ್ಲಿ ನಾಯಕನ ಅಣ್ಣನ ಪಾತ್ರ ಹ್ಯಾಕ್‌ಮನ್‌ಗೆ ಸಿಕ್ಕಿ, ಅವನೂ ಆಸ್ಕರ್ ಪಟ್ಟಿಗೆ ಬಂದ. ಆಗ ವಯಸ್ಸು 37. ಮೂರು ವರ್ಷ ಕಳೆದು ಇನ್ನೊಂದು ಚಿತ್ರ, ಅದರಲ್ಲಿ ಮುದಿ ತಂದೆಯ ಜೊತೆ ಹೇಗೂ ಹೊಂದಿಕೆಯಾಗದ ಮಗ. ಅದಕ್ಕೂ ಪಟ್ಟಿಯಲ್ಲಿ ಹೆಸರು ಬಂತು. ಬರದೆ ಏನು!

ಆದರೆ ನಾನು ಹೇಳಹೊರಟಿದ್ದು 1971ರ 'ದಿ ಫ್ರೆಂಚ್ ಕನೆಕ್ಷನ್' ಬಗ್ಗೆ. ಅದರಲ್ಲಿ ಹ್ಯಾಕ್‌ಮನ್ ಪಾಪೈ ಡಾಯ್ಲ್ ಎಂಬ ಒರಟ ಪೊಲೀಸ್. ಮಾದಕವಸ್ತು ಸಾಗಿಸುವ ಫ್ರೆಂಚ್ ಕುಳ ಶಾರ್ನಿಯೇನ ಬೆನ್ನು ಬಿದ್ದಿದ್ದಾನೆ. ಶಾರ್ನಿಯೇ ಹೋಟೆಲಿನ ಬೆಚ್ಚಗಿನ ಮೇಜಿನ ಮುಂದೆ ಊಟ ಮಾಡುತ್ತಿದ್ದರೆ ಇವನು ರಸ್ತೆಯ ಆಚೆ ಚಳಿಯಲ್ಲಿ ನಿಂತು ಪಿಟ್ಸಾ ಜಗಿಯುತ್ತಾ ಕೆಟ್ಟ ಕಾಫಿಯನ್ನು ನೆಲಕ್ಕೆ ಚೆಲ್ಲುತ್ತಾನೆ. ಎಲ್ಲರೂ ಹೇಳುವುದು ರೈಲಿನ ಕೆಳಗೆ ಕಾರು ಓಡಿಸುವ ದೃಶ್ಯವನ್ನು. ನನಗೆ ಬೇಕಾದದ್ದು ನೆಲದಡಿಯ ರೈಲು ನಿಲ್ದಾಣದ ದೃಶ್ಯ.

ಶಾರ್ನಿಯೇ ರೈಲು ಹತ್ತುತ್ತಾನೆ, ಇಳಿಯುತ್ತಾನೆ. ಇವನೂ ಹತ್ತುತ್ತಾನೆ, ಇಳಿಯುತ್ತಾನೆ. ಇಬ್ಬರೂ ಇನ್ನೊಬ್ಬರನ್ನು ನೋಡಿಯೇ ಇಲ್ಲ ಅನ್ನುವ ಹಾಗೆ. ಕೊನೆಗೆ ಫ್ರೆಂಚನ ಕೈಯ ಕೊಡೆ ಕೆಲಸಕ್ಕೆ ಬರುತ್ತದೆ: ಮುಚ್ಚುವ ಬಾಗಿಲಿಗೆ ಅದನ್ನು ಅಡ್ಡ ಕೊಟ್ಟು ಒಳಗೆ ಸೇರಿಕೊಳ್ಳುತ್ತಾನೆ. ಡಾಯ್ಲ್ ಹೊರಗೇ ಉಳಿದ. ರೈಲು ಹೊರಟಿತು, ಇವನು ಪಕ್ಕದಲ್ಲೇ ಓಡುತ್ತಾನೆ. ಕಿಟಕಿಯ ಆಚೆ ಆ ಗಡ್ಡದ ಮನುಷ್ಯ ಮೆಲ್ಲಗೆ ಬೆರಳಾಡಿಸಿ ಟಾಟಾ ಮಾಡುತ್ತಾನೆ. ಎಷ್ಟು ಮರ್ಯಾದೆಯ ಟಾಟಾ! ಮೈ ಉರಿಯುವಷ್ಟು ಮರ್ಯಾದೆ.

ಹೋಗುವ ಗಾಡಿ, ಒಳಗಿನಿಂದ ಬೀಸುವ ಕೈ, ಹೊರಗೆ ನಿಂತು ಉಳಿದವನು. ಚಿತ್ರಕಥೆ ಬರೆದವರ ಮನಸ್ಸಿನಲ್ಲಿ ಡ್ಯಾನ್‌ವಿಲ್ ಇದ್ದೀತೆಂದು ನಾನು ಹೇಳಲಾರೆ, ಹ್ಯಾಕ್‌ಮನ್ ಮನಸ್ಸಿನಲ್ಲಿ ಇತ್ತೆಂದೂ ಹೇಳಲಾರೆ. ಆದರೆ ಅವನ ಕಥೆ ಗೊತ್ತಾದ ಮೇಲೆ ಆ ದೃಶ್ಯವನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ. ಚಿತ್ರದ ಕೊನೆಗೆ ಶಾರ್ನಿಯೇನ ಕಾರು ಸೇತುವೆಯ ಮೇಲೆ ಬರುತ್ತದೆ. ಆಚೆ ಪೊಲೀಸರು ದಾರಿ ಕಟ್ಟಿದ್ದಾರೆ, ನಡುವೆ ಡಾಯ್ಲ್. ಕೈ ಎತ್ತಿ, ಅದೇ ಬೆರಳು, ಅದೇ ಆಟ: ಟಾಟಾ ವಾಪಸ್. ಹ್ಯಾಕ್‌ಮನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಶೂಟಿಂಗ್ ಶುರುವಿನಲ್ಲಿ ಪಾತ್ರದ ಒರಟುತನ ತನಗೆ ಆಗದು ಎಂದು ಬಿಟ್ಟುಬಿಡಲು ಹೊರಟಿದ್ದವನು ಅವನು.

1992ರ 'ಅನ್‌ಫರ್ಗಿವನ್' ಎರಡನೆಯ ಆಸ್ಕರ್ ತಂದಿತು. 2004ರ ಒಂದು ಸಾಧಾರಣ ಹಾಸ್ಯಚಿತ್ರವೇ ಕೊನೆಯದು. ಹೃದಯಕ್ಕೆ ಆಯಾಸ ಕೊಡಬೇಡಿ ಎಂದು ವೈದ್ಯರು ಹೇಳಿದ್ದರು, ನಿಲ್ಲಿಸಿದ. ವಿದಾಯದ ಚಿತ್ರ ಎಂಬ ಜಾಹೀರಾತಿಲ್ಲ, ಮತ್ತೆ ಬರುವುದೂ ಇಲ್ಲ. ನ್ಯೂ ಮೆಕ್ಸಿಕೋದ ಸ್ಯಾಂಟಾ ಫೆಯಲ್ಲಿ ಚಿತ್ರ ಬರೆದುಕೊಂಡು, ಕಾದಂಬರಿ ಬರೆದುಕೊಂಡು ಇದ್ದ. ಕೈ ಬೀಸುವುದರ ತೂಕ ಬಲ್ಲವನು, ನಮ್ಮ ಕಡೆ ಕೈ ಬೀಸದೇ ಹೋದ. 2025ರ ಫೆಬ್ರವರಿಯಲ್ಲಿ ಆ ಮನೆಯಲ್ಲಿ ಹೆಂಡತಿ ಮೊದಲು ಹೋದರು. ಸುಮಾರು ಒಂದು ವಾರ ಕಳೆದು ಅವನೂ ಹೋದ, 95ನೇ ವಯಸ್ಸಿನಲ್ಲಿ. ಅವನನ್ನು ಮರೆವಿನ ಕಾಯಿಲೆ ಕವಿದಿತ್ತು. ಹೆಂಡತಿ ಇಲ್ಲವೆಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ.

ಸುದ್ದಿ ಓದಿದ ರಾತ್ರಿ ಟಿವಿ ಮುಂದೆ ಕೂತು ಆ ಎರಡು ಟಾಟಾಗಳನ್ನು ಮಾತ್ರ ಹಿಂದೆ ಮುಂದೆ ಓಡಿಸಿ ನೋಡಿದೆ. ಕಿರುಬೆರಳು ಮೊದಲೋ ತೋರುಬೆರಳು ಮೊದಲೋ ಹಿಡಿಯಲು ಆಗುತ್ತಿರಲಿಲ್ಲ. ಕೈ ಎತ್ತಿ ನಾನೂ ಮಾಡಿ ನೋಡುತ್ತಿದ್ದೆ. ಮಲಗಲು ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು.

'ಇಷ್ಟೊತ್ತಲ್ಲಿ ಯಾರಿಗ್ರೀ ಟಾಟಾ?'

ನೋಡಿಕೊಂಡೆ. ಅಂಗೈ ನನ್ನ ಕಡೆಗೇ ತಿರುಗಿತ್ತು.