ಬೇಳೆ ಬೇಯುವ ನೀರು

ನ್ಯೂಜಿಲೆಂಡಿನಲ್ಲಿ ಸ್ವಂತ ಬಳಕೆಗೆಂದು ಮನೆಯಲ್ಲಿ ಭಟ್ಟಿ ಇಳಿಸುವುದು 1996ರಿಂದಲೇ ಕಾನೂನುಬದ್ಧವಾಗಿದೆ ಎಂಬ ಸಂಗತಿಯನ್ನು ನಮ್ಮ ಅತ್ತೆಯವರಿಗೆ ನಂಬಿಸಲು ನನಗೆ ಎರಡು ವಾರ ಹಿಡಿಯಿತು. ಪಾವಗಡದ ಕಡೆಯಿಂದ ಕ್ರೈಸ್ಟ್‌ಚರ್ಚಿನ ಮಗಳ ಮನೆಗೆ ಬಂದಿಳಿದ ಮರುದಿನವೇ ಅವರು ಗ್ಯಾರೇಜಿನಲ್ಲಿದ್ದ ಸ್ಟೀಲಿನ ಬಾಯ್ಲರನ್ನೂ ಅದರ ನೆತ್ತಿಯಿಂದ ಬಾಗಿ ಇಳಿದಿದ್ದ ತಾಮ್ರದ ಕೊಳವೆಯನ್ನೂ ಕಂಡು, "ಇದು ಕಳ್ಳಭಟ್ಟಿ ಅಲ್ಲವೇನಪ್ಪಾ?" ಎಂದು ಕೇಳಿದ್ದರು. ಇಲ್ಲಿ ಇದನ್ನು ಅಂಗಡಿಯಲ್ಲಿ ರಸೀದಿ ಕೊಟ್ಟೇ ಮಾರುತ್ತಾರೆಂದೂ, ಇಳಿಸಿದ್ದನ್ನು ನಾವು ಮಾರುವಂತಿಲ್ಲ ಅಷ್ಟೇ ಎಂದೂ ವಿವರಿಸಿದ ಮೇಲೆ, "ಹಾಗಾದರೆ ಕಳ್ಳ ಬಿಟ್ಟು ಬರೀ ಭಟ್ಟಿ" ಎಂದು ಒಪ್ಪಿಕೊಂಡರು. ಆದರೆ 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತದ್ದನ್ನು ಕಣ್ಣಾರೆ ಕಂಡವರಾದ್ದರಿಂದ, ಮನೆ ಮುಂದೆ ಕಾರು ನಿಂತ ಸದ್ದಾದಾಗಲೆಲ್ಲ ಅಬಕಾರಿಯವರೇ ಬಂದರೆಂದು ಕಿಟಕಿಯ ಪರದೆ ಸರಿಸಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ನನ್ನ ಚಿಂತೆ ಅಬಕಾರಿಯದ್ದಾಗಿರಲಿಲ್ಲ, ನೀರಿನದ್ದಾಗಿತ್ತು. ನನ್ನ ಭಟ್ಟಿಯಿಂದ ಇಳಿಯುವ ದ್ರವದಲ್ಲಿ ನೂರಕ್ಕೆ ಎಂಬತ್ತರಷ್ಟು ಆಲ್ಕೋಹಾಲ್ ಇರುತ್ತದೆ. ಮನುಷ್ಯರು ಕುಡಿಯಬೇಕಾದರೆ ಅದನ್ನು ನೀರು ಬೆರೆಸಿ ನಲವತ್ತಕ್ಕೆ ಇಳಿಸಬೇಕು. ಅಂದರೆ ಕೊನೆಗೆ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸಕ್ಕರೆ ಯಾವುದು, ಯೀಸ್ಟು ಯಾವುದು, ಉಷ್ಣಾಂಶ ಎಷ್ಟು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ದೊಡ್ಡ ಪಾಲನ್ನು ಮಾತ್ರ ನಲ್ಲಿ ತಿರುಗಿಸಿ ತುಂಬಿಕೊಳ್ಳುತ್ತಿದ್ದೇನೆಂಬ ಅರಿವು ನನಗಾದದ್ದು ಮೊದಲ ಗುಟುಕಿನಲ್ಲಿ. ಅದರಲ್ಲಿ ಈಜುಕೊಳದ ವಾಸನೆ ಇತ್ತು.

ಕ್ರೈಸ್ಟ್‌ಚರ್ಚಿನವರಿಗೆ ತಮ್ಮ ನೀರಿನ ಬಗ್ಗೆ ಬಹಳ ಅಭಿಮಾನ. ನೆಲದಾಳದ ಜಲಪದರಗಳಿಂದ ಎತ್ತಿದ ನೀರು ಯಾವ ಔಷಧಿಯ ಸೋಂಕೂ ಇಲ್ಲದೆ ನೇರವಾಗಿ ಮನೆಗಳಿಗೆ ಬರುತ್ತಿದ್ದ ಊರು ಇದು. 2016ರಲ್ಲಿ ಹ್ಯಾವ್‌ಲಾಕ್ ನಾರ್ತ್ ಎಂಬ ಊರಿನಲ್ಲಿ ಕುಡಿಯುವ ನೀರು ಕೆಟ್ಟು ಸಾವಿರಾರು ಜನ ಹಾಸಿಗೆ ಹಿಡಿದ ಮೇಲೆ ದೇಶವೆಲ್ಲ ಎಚ್ಚೆತ್ತು, 2018ರಲ್ಲಿ ಇಲ್ಲಿಯೂ ಕ್ಲೋರಿನ್ ಬೆರೆಸಲು ಆರಂಭಿಸಿದರು. ನಾನು ಭಟ್ಟಿ ಕೊಂಡದ್ದು 2019ರಲ್ಲಿ. ಮದುವೆ ಊಟಕ್ಕೆ ಹೋದರೆ ಪಾಯಸ ಮುಗಿದ ಪಂಕ್ತಿಯಲ್ಲೇ ಎಲೆ ಸಿಗುವ ಅದೃಷ್ಟ ನನ್ನದು.

ಎರಡನೆಯ ಸಲ ಜಾಣನಾಗಿ, ದೂರದ ಯುರೋಪಿನ ಪರ್ವತಗಳಿಂದ ಬಂದ, ಬೆಲೆ ನೋಡಿದರೇ ಬಾಯಾರುವಂಥ ಖನಿಜಯುಕ್ತ ನೀರಿನ ಬಾಟಲಿಗಳನ್ನು ತಂದು ಬೆರೆಸಿದೆ. ಕೂಡಲೇ ತೆಳು ಮಬ್ಬು ಕವಿಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ತಳದಲ್ಲಿ ಬಿಳಿಯ ಚೂರುಗಳು ಕೂತವು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ನನ್ನ ಹಿಂದೆ ಬಂದು ನಿಂತ ಅತ್ತೆಯವರು, "ಹಾಲು ಒಡೆದಿದೆ" ಎಂದು ತೀರ್ಪು ಕೊಟ್ಟರು. ಒಡೆದದ್ದು ಹಾಲಲ್ಲ, ಸುಣ್ಣ. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಕ್ಯಾಲ್ಸಿಯಂ ಲವಣಗಳಿಗೆ ಆಲ್ಕೋಹಾಲಿನ ಸಹವಾಸದಲ್ಲಿ ಕರಗಿಕೊಂಡಿರಲು ಆಗುವುದಿಲ್ಲವಾದ್ದರಿಂದ ಅವು ಹೊರಗೆ ಬಂದು ತಳ ಹಿಡಿಯುತ್ತವೆ. ಖನಿಜ ಹೆಚ್ಚಿದ್ದಷ್ಟೂ ಒಳ್ಳೆಯ ನೀರು ಎಂದು ನಂಬಿ, ಲೇಬಲ್ಲಿನಲ್ಲಿ ಅತಿ ದೊಡ್ಡ ಅಂಕಿ ಇದ್ದ ಬಾಟಲಿಯನ್ನೇ ನಾನು ಆರಿಸಿ ತಂದಿದ್ದೆ.

ಇಷ್ಟು ಹೊತ್ತಿಗೆ ಅತ್ತೆಯವರಿಗೆ ಪ್ರಕರಣದಲ್ಲಿ ಆಸಕ್ತಿ ಹುಟ್ಟಿತ್ತು. ಅಳಿಯನ ಕುಡಿತದ ವಿಷಯದಲ್ಲಿ ಅವರಿಗೆ ಅಸಮಾಧಾನವಿತ್ತೇ ಹೊರತು ನೀರಿನ ವಿಷಯದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಯಾವ ಕೊಳವೆಬಾವಿಯ ನೀರು ಬಟ್ಟೆಗೆ, ಯಾವುದು ದನಕ್ಕೆ, ಯಾವ ಬಾವಿಯ ಸಿಹಿನೀರಿಗಾಗಿ ಒಂದು ಮೈಲಿ ನಡೆಯಬೇಕು ಎಂಬ ಲೆಕ್ಕದಲ್ಲೇ ಅರವತ್ತು ವರ್ಷ ಕಳೆದವರು ಅವರು. "ಬೇಳೆ ಬೆಂದರೆ ಒಳ್ಳೇ ನೀರು, ಬೇಯದಿದ್ದರೆ ಗಡಸು ನೀರು, ಅದಕ್ಕೇನು ಮೀಟರು ಬೇಕು?" ಎಂದು ಹೇಳಿ, ಕುಕ್ಕರನ್ನು ಬದಿಗಿಟ್ಟು, ಒಂದೇ ಅಳತೆಯ ಮೂರು ಪಾತ್ರೆಗಳಲ್ಲಿ ಒಂದೊಂದು ಹಿಡಿ ತೊಗರಿಬೇಳೆ ಹಾಕಿ, ಒಂದಕ್ಕೆ ನಲ್ಲಿನೀರು, ಒಂದಕ್ಕೆ ಯುರೋಪಿನ ನೀರು, ಇನ್ನೊಂದಕ್ಕೆ ಹಿತ್ತಲಿನ ಟ್ಯಾಂಕಿನ ಮಳೆನೀರು ಸುರಿದು ಒಲೆಗೇರಿಸಿದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಳೆಯ ಕೋಶಗಳನ್ನು ಬೆಸೆದಿಡುವ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಮೆದುವಾಗಲು ಬಿಡುವುದಿಲ್ಲ ಎಂಬುದು ವಿಜ್ಞಾನ. ಅತ್ತೆಯವರದ್ದು ಅದರ ಅನ್ವಯಿಕ ಶಾಖೆ. ಮಳೆನೀರಿನಲ್ಲಿ ಬೇಳೆ ಎಲ್ಲಕ್ಕಿಂತ ಮೊದಲು ಕರಗಿತು, ನಲ್ಲಿನೀರಿನದ್ದು ಸ್ವಲ್ಪ ತಡವಾಗಿ ಬೆಂದಿತು. ಯುರೋಪಿನ ನೀರಿನಲ್ಲಿ ನನ್ನ ಬೇಳೆ ಕೊನೆಗೂ ಬೇಯಲಿಲ್ಲ. ಮೂರು ದಿನ ಮೂರು ಬಗೆಯ ಸಾರು ಉಂಡೆವು.

ಗೆದ್ದದ್ದು ಮಳೆನೀರೆಂದು ನಾನು ಅದನ್ನೇ ಮೂರನೆಯ ಸರದಿಗೆ ಬಳಸಿದೆ. ಅದು ಜುಲೈ ತಿಂಗಳು, ಇಲ್ಲಿನ ನಡು ಚಳಿಗಾಲ, ಬೀದಿಯ ಮನೆಗಳಲ್ಲೆಲ್ಲ ಸೌದೆ ಒಲೆ ಉರಿಯುವ ಕಾಲ. ಚಿಮಣಿಗಳ ಮಸಿ ನಮ್ಮ ಚಾವಣಿಯ ಮೇಲೆ ಕೂತು, ಮಳೆಯೊಡನೆ ಟ್ಯಾಂಕಿಗಿಳಿದು, ಅಲ್ಲಿಂದ ನನ್ನ ಬಾಟಲಿ ಸೇರಿತ್ತು. ಸ್ಕಾಟ್ಲೆಂಡಿನವರು ಪೀಟ್ ಎಂಬ ಜೌಗುನೆಲದ ಉರುವಲನ್ನು ಉರಿಸಿ ವಿಸ್ಕಿಗೆ ಹೊಗೆಯ ರುಚಿ ತರುತ್ತಾರೆ ಎಂದು ಗೆಳೆಯರೆದುರು ಸಮರ್ಥಿಸಿಕೊಂಡೆನಾದರೂ, ಹಳೆಯ ಚಾವಣಿಗಳ ಸಂದುಗಳಿಗೆ ಸೀಸದ ತಗಡು ಹೊಡೆದಿರುತ್ತಾರೆಂಬುದು ನೆನಪಾಗಿ ಅಷ್ಟನ್ನೂ ಚರಂಡಿಗೆ ಸುರಿದೆ. ನಲ್ಲಿನೀರನ್ನು ಕುದಿಸಿ, ಒಂದು ರಾತ್ರಿ ಬಾಯಿ ತೆರೆದ ಪಾತ್ರೆಯಲ್ಲಿಟ್ಟರೆ ಕ್ಲೋರಿನ್ ವಾಸನೆ ಹೋಗುತ್ತದೆ ಎಂದು ಅತ್ತೆಯವರು ಹೇಳಿದರು. ಅದನ್ನು ಕೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನನಗೆ ಹೊಳೆದದ್ದು ಬೇರೆ. ಭಟ್ಟಿ ಮನೆಯಲ್ಲೇ ಇದೆಯಲ್ಲ, ಅದರಲ್ಲಿ ಬರೀ ನೀರನ್ನೇ ಇಳಿಸಿದರೆ ಸುಣ್ಣವೂ ಇಲ್ಲದ, ಉಪ್ಪೂ ಇಲ್ಲದ ಶುದ್ಧ ನೀರು ಸಿಗುತ್ತದೆ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಹೀಗೆ ಇಳಿಸಿದ ನೀರನ್ನು ಎರಡು ಲೀಟರಿನ ಗಾಜಿನ ಬಾಟಲಿಗಳಲ್ಲಿ ತುಂಬಿಟ್ಟೆ. ಹಬೆಯ ಇಸ್ತ್ರಿಪೆಟ್ಟಿಗೆಗೂ ಇದು ಒಳ್ಳೆಯದೆಂದು ಹೆಂಡತಿ ಅದರಲ್ಲಿ ಪಾಲು ಕೇಳಿದಳು.

ಆದರೆ ಆ ಸಲ ನಾನು ಇಳಿಸಿದ್ದು ಸೋಂಪು ಹಾಕಿದ್ದು. ಪರಿಶುದ್ಧ ನೀರು ಬೆರೆಸಿದರೂ ಅದು ಗಂಜಿಯ ಹಾಗೆ ಬೆಳ್ಳಗಾಯಿತು. ಮತ್ತೆ ನೀರನ್ನೇ ಬೈದೆ, ಭಟ್ಟಿ ತೊಳೆದೆ, ನೀರನ್ನು ಎರಡೆರಡು ಸಲ ಇಳಿಸಿದೆ. ಮೂರು ವಾರಗಳ ಮೇಲೆ ತಿಳಿದದ್ದೇನೆಂದರೆ, ಸೋಂಪಿನ ಎಣ್ಣೆ ಗಟ್ಟಿ ಆಲ್ಕೋಹಾಲಿನಲ್ಲಿ ಕರಗಿ ಸುಮ್ಮನಿರುತ್ತದೆ, ನೀರು ಹೆಚ್ಚಾದರೆ ಹನಿಹನಿಯಾಗಿ ಹೊರಬಂದು ಮಬ್ಬು ಕವಿಸುತ್ತದೆ. ಗ್ರೀಸಿನವರು ತಮ್ಮ ಊಜೋ ಎಂಬ ಪಾನೀಯಕ್ಕೆ ನೀರು ಹಾಕಿ ಈ ಬಿಳುಪನ್ನು ನೋಡುತ್ತಲೇ ಕುಡಿಯುತ್ತಾರೆ. ತಳ ಹಿಡಿದರೆ ಸುಣ್ಣ, ತೇಲಾಡುತ್ತಿದ್ದು ಇನ್ನಷ್ಟು ಗಟ್ಟಿ ದ್ರವ ಬೆರೆಸಿದೊಡನೆ ತಿಳಿಯಾದರೆ ಎಣ್ಣೆ. ನೀರು ನಿರಪರಾಧಿಯಾಗಿತ್ತು.

ನವೆಂಬರಿನ ಶನಿವಾರ ಬೆಳಿಗ್ಗೆ, ಸಂಜೆ ರಾಜ್ಯೋತ್ಸವಕ್ಕೆ ಹೋಗುವ ಮುನ್ನ, ಮಿಕ್ಕಿದ್ದ ಒಂದು ಲೀಟರ್ ಸೋಂಪಿನ ದ್ರವಕ್ಕೆ ಒಂದು ಲೀಟರ್ ನೀರನ್ನು ನಿಧಾನವಾಗಿ ಬೆರೆಸಿದೆ. ಆಶ್ಚರ್ಯ! ಮಬ್ಬೇ ಇಲ್ಲ, ಸ್ಫಟಿಕದಷ್ಟು ತಿಳಿ. "ಕೊನೆಗೂ ಸರಿಯಾದ ನೀರು ಸಿಕ್ಕಿತು!" ಎಂದು ಕೂಗಿ, ಆಲ್ಕೋಹಾಲ್ ಎಷ್ಟಿದೆಯೆಂದು ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ ಅದು ಎಂಬತ್ತನ್ನು ಬಿಟ್ಟು ಕದಲಲಿಲ್ಲ. ಬೆರೆಸುವಾಗ ಶಾಖ ಹುಟ್ಟುತ್ತದೆ, ಮಾಪಕವನ್ನು 20 ಡಿಗ್ರಿಗೆ ತಿದ್ದಿರುತ್ತಾರೆ, ಆರಲಿ ಎಂದು ಕಾದೆ. ಎಂಬತ್ತು. ಇನ್ನು ಸಂಕೋಚನದ ಲೆಕ್ಕವಿದೆ: 500 ಮಿಲಿ ಶುದ್ಧ ಆಲ್ಕೋಹಾಲಿಗೆ 500 ಮಿಲಿ ನೀರು ಹಾಕಿದರೆ ಸಿಗುವುದು 965ರ ಆಸುಪಾಸು, ಪೂರ್ತಿ ಲೀಟರಲ್ಲ. ಹಾಲಿಗೆ ನೀರು ಬೆರೆಸುವವರಿಗೆ ಇಂಥ ನಷ್ಟವಿಲ್ಲ. ಮೆಂಡಲೀವ್ ಆವರ್ತಕ ಕೋಷ್ಟಕ ಕಟ್ಟುವ ನಾಲ್ಕು ವರ್ಷ ಮೊದಲು, 1865ರಲ್ಲಿ, ಆಲ್ಕೋಹಾಲು ಮತ್ತು ನೀರಿನ ಕೂಡುವಿಕೆಯ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದಿದ್ದ. ಆತನನ್ನು ಎಷ್ಟು ನೆನೆದರೂ ಎಂಬತ್ತು ನಲವತ್ತಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ "ರೀ!" ಎಂಬ ಕೂಗು ಬಂತು. ಹೆಂಡತಿ ಇಸ್ತ್ರಿಪೆಟ್ಟಿಗೆಗೆ ನೀರು ತುಂಬಲು ಹೋಗಿ, ಘಾಟು ಮೂಗಿಗೆ ಬಡಿದು ಕೈ ಹಿಂದೆಗೆದು, ಅರ್ಧ ಲೋಟದಷ್ಟನ್ನು ನನ್ನ ಜುಬ್ಬದ ಮೇಲೆ ಚೆಲ್ಲಿದ್ದಳು. ಪೆಟ್ಟಿಗೆಯನ್ನಿನ್ನೂ ಪ್ಲಗ್ಗಿಗೆ ಸಿಕ್ಕಿಸಿರಲಿಲ್ಲ ಎಂಬುದೊಂದು ಪುಣ್ಯ. ಇಬ್ಬರ ಕೈಯಲ್ಲೂ ಒಂದೇ ಬಗೆಯ ಬಾಟಲಿ. ಎರಡರ ಮೇಲೂ ನನ್ನದೇ ಅಕ್ಷರದಲ್ಲಿ "ನೀ" ಎಂದು ಬರೆದಿತ್ತು. ನೀರಿಗೂ "ನೀ", ಇನ್ನೂ ನೀರು ಬೆರೆಸದ ನೀಟಿಗೂ "ನೀ". ನಾನು ನೀಟಿಗೆ ನೀಟನ್ನೇ ಬೆರೆಸಿ ಮಬ್ಬು ಕಾಣದೆ ಹಿಗ್ಗಿದ್ದೆ. ಭಟ್ಟಿಯ ಮುಂದೆ ಮೂರು ಗಂಟೆ ಕೂತ ಮೂಗಿಗೆ ವ್ಯತ್ಯಾಸ ಗೊತ್ತಾಗಿರಲಿಲ್ಲ. "ಏಕವಚನದಲ್ಲಿ ನನ್ನನ್ನೇ ಕರೆದಿದ್ದೀರಿ ಅಂದುಕೊಂಡು ತಗೊಂಡೆ" ಎಂದಳು ಹೆಂಡತಿ.

ಬೇರೆ ಜುಬ್ಬ ಇಸ್ತ್ರಿಯಾಗಿರದ ಕಾರಣ ಅದನ್ನೇ ಒಣಗಿಸಿ ತೊಟ್ಟು ಹೋದೆ. ನಾಡಗೀತೆಯ ಹೊತ್ತಿನಲ್ಲಿ ಪಕ್ಕ ನಿಂತ ಹಿರಿಯರೊಬ್ಬರು ಎರಡು ಸಲ ಮೂಗರಳಿಸಿ, ಊಟ ಮುಗಿದು ಹೋಟೆಲಿನ ಗಲ್ಲಾದ ಮುಂದೆ ನಿಂತ ಹಾಗಾಗುತ್ತಿದೆ ಎಂದು ಪಿಸುಗುಟ್ಟಿದರು. ಮನೆಗೆ ಮರಳುವಷ್ಟರಲ್ಲಿ ಅತ್ತೆಯವರು ಗ್ಯಾರೇಜಿನಲ್ಲಿ ಹೊಸ ವ್ಯವಸ್ಥೆ ಮಾಡಿ ಮುಗಿಸಿದ್ದರು. ನೀರಿನ ಬಾಟಲಿಗೆ ಗಂಗಮ್ಮನೆಂದು ಅರಿಸಿನ ಕುಂಕುಮ ಹಚ್ಚಿತ್ತು; ಇನ್ನೊಂದರ ಕೊರಳ ಮೇಲೆ ಇದ್ದಿಲಿನಿಂದ ಇಟ್ಟ ದಪ್ಪ ದೃಷ್ಟಿಬೊಟ್ಟು.