ಪಿಗ್ಮಿ ಮಾವನಿಗೆ ಗೊತ್ತಿದ್ದದ್ದು

ಉಡುಪಿಯ ಕಲ್ಸಂಕದ ಕಡೆ ಹೋಗುವ ದಾರಿಯಲ್ಲಿ ನಾನು ದಿನಾ ಚಹಾ ಕುಡಿಯುವ ಒಂದು ಸಣ್ಣ ಅಂಗಡಿ ಉಂಟು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. 2025ರ ಜುಲೈಯಲ್ಲಿ ಒಂದು ದಿನ ಹೋದರೆ ಗಲ್ಲಾಪೆಟ್ಟಿಗೆ ಮೇಲಿದ್ದ ಮಾತಾಡುವ ಡಬ್ಬಿ ಇಲ್ಲ. ಕ್ಯೂಆರ್ ಕೋಡ್ ಅಂಟಿಸಿದ್ದ ಜಾಗದಲ್ಲಿ ಗೋಡೆ ಮಾತ್ರ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು.

"ಎಂತ, ಹಾಳಾಯ್ತಾ?" ಅಂತ ಕೇಳಿದೆ.

"ಹಾಳಾದ್ದಲ್ಲ ಮಾರಾಯ್ರೆ, ನಾನೇ ಒಳಗಿಟ್ಟೆ. ಬೆಂಗಳೂರಲ್ಲಿ ಎಲ್ಲರಿಗೂ ನೋಟಿಸ್ ಬರ್ತಾ ಉಂಟಂತೆ."

ಅವರಿಗೆ ನೋಟಿಸ್ ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಟಿವಿ ನೋಡಿಯೇ ಡಬ್ಬಿ ಒಳಗೆ ಹೋಗಿತ್ತು. ಸುದ್ದಿ ನಿಮಗೂ ನೆನಪಿರಬಹುದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ನಾಲ್ಕು ವರ್ಷಗಳ ಲೆಕ್ಕ ತರಿಸಿಕೊಂಡು, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ. ನಾಲ್ಕು ವರ್ಷದಲ್ಲಿ 1.63 ಕೋಟಿ ಬಂದಿದೆ, ತೆರಿಗೆ ಕಟ್ಟು ಅಂತ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನುವುದು ಆ ಲೆಕ್ಕ ಮಾಡಿದ ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಬೆಂಗಳೂರಿನ ಬೇಕರಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಚೀಟಿಗಳು ಬಿದ್ದವು. ಬಂದ್ ಮಾಡುತ್ತೇವೆ ಅಂದರು. ಮುಖ್ಯಮಂತ್ರಿ ಸಭೆ ಕರೆದರು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ಬಂದ್ ವಾಪಸಾಯಿತು. ನಾವೂ ಮರೆತೆವು.

ನಾನು ಮಾತ್ರ ಮರೆತಿಲ್ಲ. ಯಾಕೆಂದರೆ ಆ ದಿನ ಅಂಗಡಿಯಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿದವನು ನಾನೇ. ಚಹಾ ಅಂಗಡಿಯನ್ನು ಸೇವೆ ಅಂತ ಲೆಕ್ಕ ಹಿಡಿದರೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವ್ಯಾಪಾರ. ದಿನಕ್ಕೆ ಐದೂವರೆ ಸಾವಿರಕ್ಕೂ ಸ್ವಲ್ಪ ಕಡಿಮೆ. ಒಬ್ಬೊಬ್ಬರು ಚಹಾ, ಬನ್ಸ್ ಸೇರಿ 45 ರೂಪಾಯಿ ಕೊಟ್ಟರೆ ನೂರಿಪ್ಪತ್ತು ಜನ. ಅಷ್ಟು ಜನ ಅಲ್ಲಿಗೆ ಬೆಳಿಗ್ಗೆ ಹತ್ತರೊಳಗೆ ಬಂದು ಹೋಗುತ್ತಾರೆ. ವಸ್ತು ಮಾರುವವರಿಗೆ ಮಿತಿ 40 ಲಕ್ಷ, ಅಂದರೆ ದಿನಕ್ಕೆ ಸುಮಾರು 11 ಸಾವಿರ. ಮದುವೆ ಸೀಸನ್‌ನಲ್ಲಿ ಶಂಕರಪುರ ಮಲ್ಲಿಗೆ ಅಟ್ಟೆಗೆ (ನಮ್ಮ ಕಡೆ ಮಲ್ಲಿಗೆ ಮಾರುವ ಅಳತೆ) 2,100 ರೂಪಾಯಿ ಮುಟ್ಟಿದಾಗ ಐದು ಅಟ್ಟೆ ಮಾರಿದರೆ ಹೆಚ್ಚುಕಡಿಮೆ ಅಷ್ಟಾಯಿತು. ಹೂವಿಗೆ ತೆರಿಗೆ ಇಲ್ಲ, ಅದು ಬೇರೆ ಮಾತು. ದೊಡ್ಡ ವ್ಯಾಪಾರ ಅಂತ ಸರ್ಕಾರ ಅಂದುಕೊಂಡ ಗೆರೆ ಎಷ್ಟು ಕೆಳಗೆ ಉಂಟು ಅಂತ ತೋರಿಸಲು ಹೇಳಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ತೆರಿಗೆ ಕಟ್ಟಬೇಕಾದವರು ಕಟ್ಟಬೇಕು. ನಾನು ಸಂಬಳದವನು. ನನ್ನ ತೆರಿಗೆ ಕೈಗೆ ಬರುವ ಮೊದಲೇ ಹೋಗಿರುತ್ತದೆ. ಹಾಗಾಗಿ ಚೀಟಿ ಅಂಟಿಸಿದ ಎಲ್ಲರನ್ನೂ ಹುತಾತ್ಮರು ಮಾಡುವ ಮನಸ್ಸು ನನಗಿಲ್ಲ.

ಆದರೆ ನಮ್ಮ ಚಹಾದವರ ಹೆದರಿಕೆ ಬೇರೆಯೇ. ಅವರ ಅಣ್ಣ ಮುಂಬೈಯಲ್ಲಿ ಹೋಟೆಲ್‌ನಲ್ಲಿದ್ದಾರೆ. ತಿಂಗಳು ತಿಂಗಳು ಅಮ್ಮನಿಗೆ ಅಂತ ಕಳಿಸುವ ದುಡ್ಡು ಬರುವುದು ಇದೇ ನಂಬರಿಗೆ. ಚಿಟ್ ಫಂಡಿನ ಹಣ ಎದ್ದದ್ದು ಇದೇ ನಂಬರಿಗೆ. ಭಾವನ ಮನೆ ಕಟ್ಟುವಾಗ ಕೊಟ್ಟ ಕೈಸಾಲ ತುಂಡು ತುಂಡಾಗಿ ವಾಪಸು ಬಂದದ್ದೂ ಇದಕ್ಕೇ. ಎಲ್ಲಕ್ಕಿಂತ ಮೇಲೆ, ಅವರು ನಮ್ಮ ವಠಾರದ ಗಣೇಶೋತ್ಸವ ಸಮಿತಿಯ ಖಜಾಂಚಿ. ಇಡೀ ಕೇರಿಯ ವಂತಿಗೆ ಅವರ ಕ್ಯೂಆರ್ ಕೋಡಿಗೇ ಬೀಳುತ್ತದೆ. ಗಣಪತಿಯ ದುಡ್ಡು, ಗೋಳಿಬಜೆಯ ದುಡ್ಡು ಎರಡೂ ಒಂದೇ ಡಬ್ಬಿಯಲ್ಲಿ ಒಂದೇ ದನಿಯಲ್ಲಿ ಕೂಗುತ್ತವೆ. ನೋಡಿದವರಿಗೆ ಎಂತ ಗೊತ್ತಾಗಬೇಕು?

ಆಗ ನನಗೆ ನೆನಪಾದದ್ದು ನನ್ನ ಸೋದರಮಾವ.

ಮಾವ ಪಿಗ್ಮಿ ಕಲೆಕ್ಟರ್ ಆಗಿದ್ದರು. ಯಾವ ಬ್ಯಾಂಕು ಅಂತ ಬೇಡ. ಪಿಗ್ಮಿ ಅನ್ನುವ ದಿನದಿನದ ಉಳಿತಾಯ ಹುಟ್ಟಿದ್ದೇ ನಮ್ಮ ಊರಲ್ಲಿ ಅನ್ನುವುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಕೈಮಗ್ಗದ ನೇಕಾರರಿಗೆ ನೆರವಾಗಲಿ ಅಂತ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಶುರು ಮಾಡಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. 1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಇಡಿ, ನೀವು ಬ್ಯಾಂಕಿಗೆ ಬರುವುದು ಬೇಡ, ನಮ್ಮವರೇ ಮನೆ ಬಾಗಿಲಿಗೆ ಬರುತ್ತಾರೆ ಅಂದರು. ಆಮೇಲೆ ಬೇರೆ ಬ್ಯಾಂಕುಗಳು, ಸೊಸೈಟಿಗಳು ಎಲ್ಲ ಅದೇ ದಾರಿ ಹಿಡಿದವು. ಮಾವ ಅಂಥ ಒಂದು ಕಡೆ ಮೂವತ್ತು ವರ್ಷ ಸೈಕಲ್ ತುಳಿದರು.

ಕ್ಯಾನ್ವಾಸಿನ ಚೀಲ, ಕಾರ್ಬನ್ ಹಾಕಿದ ರಸೀದಿ ಪುಸ್ತಕ, ಮಳೆಗಾಲಕ್ಕೆ ಒಂದು ಪ್ಲಾಸ್ಟಿಕ್ ಹೊದಿಕೆ. ಮಧ್ಯಾಹ್ನ ಮೂರಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಯಾವ ಅಂಗಡಿಯವರು ಐದು ರೂಪಾಯಿ ಕೊಡುತ್ತಾರೆ, ಯಾರು ಐವತ್ತು ಕೊಡುತ್ತಾರೆ, ಯಾರು ಮಂಗಳವಾರ ಕೊಡುವುದಿಲ್ಲ, ಎಲ್ಲ ಬಾಯಿಪಾಠ. ಅವರಿಗೆ ಗೊತ್ತಿದ್ದದ್ದು ಮೊತ್ತ ಮಾತ್ರ ಅಲ್ಲ. ಒಬ್ಬ ಜವಳಿ ಅಂಗಡಿಯವರು ದಿನಕ್ಕೆ ಇಪ್ಪತ್ತು ಕಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ಇನ್ನೂರು ಕಟ್ಟಲು ಶುರು ಮಾಡಿದರಂತೆ. ವ್ಯಾಪಾರ ಜೋರಾಗಿದೆ ಅಂತ ಮ್ಯಾನೇಜರು ಖುಷಿಪಟ್ಟರು. "ಜೋರೂ ಇಲ್ಲ, ಎಂತದೂ ಇಲ್ಲ. ಮಗಳಿಗೆ ಗಂಡು ನೋಡ್ತಾ ಇದ್ದಾರೆ, ಹಾಗಾಗಿ ಹೊಟ್ಟೆ ಕಟ್ಟಿ ಉಳಿಸ್ತಾ ಇದ್ದಾರೆ" ಅಂದರಂತೆ ಮಾವ. ಒಂದೇ ಅಂಕಿ. ಮ್ಯಾನೇಜರಿಗೆ ಕಂಡದ್ದು ಒಂದು, ಮಾವನಿಗೆ ಕಂಡದ್ದು ಇನ್ನೊಂದು.

ಅಯ್ಯೋ ಹಳೆ ಕಾಲ ಎಷ್ಟು ಚಂದ ಅಂತ ಶುರು ಮಾಡಿದ ಅಂದುಕೊಳ್ಳಬೇಡಿ. ಚಂದ ಏನೂ ಇರಲಿಲ್ಲ. ಮಾವನಿಗೆ ಸಂಬಳ ಇರಲಿಲ್ಲ, ಬರೀ ಕಮಿಷನ್. ನೂರಕ್ಕೆ ಎರಡೋ ಮೂರೋ ರೂಪಾಯಿ. ಠೇವಣಿ ಸಂಗ್ರಹ ಮಾಡುವವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಅಷ್ಟರಲ್ಲಿ ಮಾವನ ಮೊಣಕಾಲು ಹೋಗಿತ್ತು. ಇನ್ನು ಗುಟ್ಟಿನ ಮಾತಂತೂ ಕೇಳಲೇಬೇಡಿ. ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಸಾರಿನ ಜೊತೆ ಊರಿನವರ ಸಾಲವನ್ನೂ ಬಡಿಸಲಾಗುತ್ತಿತ್ತು. ಯಾರ ಬಳೆ ಅಡವಿಗೆ ಹೋಯಿತು, ಯಾರು ಗಂಡನಿಗೆ ಗೊತ್ತಾಗದಂತೆ ಪಿಗ್ಮಿ ಕಟ್ಟುತ್ತಾರೆ, ಎಲ್ಲ ನಮ್ಮ ಅತ್ತೆಗೆ ಗೊತ್ತಿತ್ತು. ಅತ್ತೆಗೆ ಗೊತ್ತಾದರೆ ಬಾವಿಕಟ್ಟೆಗೆ ಗೊತ್ತಾದ ಹಾಗೆ. ಫೋನಿನ ಆ್ಯಪ್ ಈ ವಿಷಯದಲ್ಲಿ ಮಾವನಿಗಿಂತ ಮರ್ಯಾದಸ್ಥ. ಅದು ಅತ್ತೆಗೆ ಹೇಳುವುದಿಲ್ಲ. ನಾಲ್ಕು ವರ್ಷ ಸುಮ್ನೆ ಇದ್ದು, ಕೇಳಿದ ದಿನ ಎಲ್ಲವನ್ನೂ ಒಟ್ಟಿಗೆ ಇಲಾಖೆಗೆ ಕೊಡುತ್ತದೆ, ಅಷ್ಟೇ.

ಮಾವ ಚಾಡಿ ಹೇಳಿದರೆ "ಎಂತ ಮಾರಾಯ್ರೆ ಹಾಗೆ ಹೇಳಿದ್ರಿ" ಅಂತ ಮಾರನೇ ದಿನ ಸೈಕಲ್ ನಿಲ್ಲಿಸಿ ಜಗಳ ಮಾಡಬಹುದಿತ್ತು. ಮಾಡಿದವರೂ ಇದ್ದರು. ಈಗ ಯಾರ ಸೈಕಲ್ ನಿಲ್ಲಿಸುವುದು?

ಬ್ಯಾಂಕಿನ ಸೈಕಲ್ಲೇ ಊರು ಬಿಟ್ಟು ಹೋಗಿದೆ ನೋಡಿ. 1906ರಲ್ಲಿ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕ್ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಐದು ಬ್ಯಾಂಕು! ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮುಂದಿನ ವರ್ಷ ಅದೇ ದಿನ, ಲಾಕ್‌ಡೌನ್ ನಡುವೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಈಗ ಐದರಲ್ಲಿ ಹೆಸರು ಉಳಿದದ್ದು ಎರಡು. ಮುಖ್ಯ ಕಚೇರಿ ಇಲ್ಲೇ ಇರುವುದು ಮಂಗಳೂರಿನ ಕರ್ಣಾಟಕ ಬ್ಯಾಂಕ್ ಒಂದರದ್ದು. ಹಾಜಿ ಸಾಹೇಬರ ಮನೆ ನಾಣ್ಯಗಳ ಮ್ಯೂಸಿಯಂ ಆಗಿದೆ. ಹೋಗಿ ನೋಡಿ, ಚಂದ ಇಟ್ಟಿದ್ದಾರೆ. ಮಗನನ್ನು ಕರೆದುಕೊಂಡು ಹೋದಾಗ ಅವನು "ಆಣೆ ಅಂದ್ರೆ ಎಷ್ಟು ಪಾಯಿಂಟ್?" ಅಂತ ಕೇಳಿದ. ಉತ್ತರ ಕೊಡಲಿಲ್ಲ.

ಬ್ಯಾಂಕು ಹೋದ ಜಾಗಕ್ಕೆ ಆ್ಯಪ್ ಬಂತು. 2016ರಲ್ಲಿ ಶುರುವಾದ ಯುಪಿಐಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಜಾಸ್ತಿ ಸಲ ವಹಿವಾಟು ನಡೆದಿದೆ. ನಿಜಕ್ಕೂ ದೊಡ್ಡ ಕೆಲಸ. ನಾನು ಇದರ ವಿರೋಧಿ ಅಲ್ಲ, ಜೇಬಲ್ಲಿ ನೋಟು ಇಟ್ಟು ಎಷ್ಟು ಕಾಲ ಆಯಿತೋ. ಆದರೆ ಇದರಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗ ಫೋನ್‌ಪೇ, ಗೂಗಲ್ ಪೇ ಎರಡೇ ಕಂಪನಿಗಳ ಕೈಯಲ್ಲಿದೆ. ಒಂದು ವಾಲ್‌ಮಾರ್ಟಿನದ್ದು, ಇನ್ನೊಂದು ಗೂಗಲಿನದ್ದು. ಒಂದು ಕಂಪನಿ ಮೂವತ್ತು ಭಾಗ ಮೀರಬಾರದು ಅಂತ ನಿಯಮ ಬರೆದು, ಅದರ ಗಡುವನ್ನು ಮುಂದೂಡುತ್ತಾ 2026ರ ಕೊನೆಗೆ ತಂದಿಟ್ಟಿದ್ದಾರೆ. 2020ರಿಂದ ವ್ಯಾಪಾರಿಗೆ ಶುಲ್ಕ ಸೊನ್ನೆ. ಖರ್ಚು ಯಾರಾದರೂ ಭರಿಸಲೇಬೇಕಲ್ಲ ಅಂತ ರಿಸರ್ವ್ ಬ್ಯಾಂಕ್ ಗವರ್ನರ್ ಹೇಳಿದಾಗ ಎಲ್ಲರೂ ಹೌಹಾರಿದರು. ಮಾವ ಮಾತ್ರ ಹೌಹಾರಲಿಲ್ಲ. "ನನ್ನ ಕಾಲದಲ್ಲಿ ಭರಿಸಿದ್ದು ನನ್ನ ಮೊಣಕಾಲು" ಅಂದರು.

ಡಬ್ಬಿಯ ಭಾಷೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಮೀನು ಮಾರುವವರು ತುಳುವಿನಲ್ಲಿ ಚೌಕಾಸಿ ಮಾಡುತ್ತಾರೆ, ಕೊಂಕಣಿಯವರು ಬಂದರೆ ಕೊಂಕಣಿಯಲ್ಲಿ, ಬ್ಯಾರಿಯವರು ಬಂದರೆ ಬ್ಯಾರಿಯಲ್ಲಿ. ಡಬ್ಬಿ ಮಾತ್ರ ದೂರದರ್ಶನದ ವಾರ್ತೆಯ ಹಾಗೆ "ರೂಪಾಯಿಗಳನ್ನು ಸ್ವೀಕರಿಸಲಾಗಿದೆ" ಅನ್ನುತ್ತದೆ. ಕೆಲವು ಕಡೆ ಹಿಂದಿ. ಅದು ಇಡೀ ಮಾರ್ಕೆಟ್ಟಿಗೆ ಅವರ ಗಳಿಕೆ ಕೂಗಿ ಹೇಳುವುದನ್ನು ಯಾರೂ ಆಕ್ಷೇಪಿಸಿಲ್ಲ, ವಿಚಿತ್ರ.

ಮೀನು ಅಂದಾಗ ನೆನಪಾಯಿತು. 2025ರ ಏಪ್ರಿಲ್ 12, ಶನಿವಾರ. ದೇಶಪೂರ್ತಿ ಯುಪಿಐ ಕೈಕೊಟ್ಟ ದಿನ. ಬಂಗುಡೆ ತೂಗಿ, ಕೊಯ್ದು, ಚೀಲಕ್ಕೆ ಹಾಕಿ ಆಗಿದೆ. 280 ರೂಪಾಯಿ. ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ. ಮೂರು ಸಲ ಮಾಡಿದೆ, ಮೂರು ಸಲವೂ ಇಲ್ಲ. ಹಿಂದೆ ಜನ ನಿಂತಿದ್ದಾರೆ. ಬೆವರು ಬಂತು. ಮೀನಿನ ಅಮ್ಮ ನನ್ನ ಮುಖ ನೋಡಿ "ಎಲ್ಲೆ ಕೊರ್ಲೆ" ಅಂದರು. ನಾಳೆ ಕೊಡಿ ಅಂತ. ನನ್ನ ಹೆಸರು ಅವರಿಗೆ ಗೊತ್ತಿಲ್ಲ, ನಂಬರೂ ಗೊತ್ತಿಲ್ಲ. ಹತ್ತು ವರ್ಷದಿಂದ ಬಾಲ ಕತ್ತರಿಸಿ ಕೊಡಿ ಅನ್ನುವ ಗಿರಾಕಿ ಅಂತ ಗೊತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ನೋಟಿಸ್ ಕಳಿಸುವವರಿಗೂ ಇಷ್ಟು ಗೊತ್ತಿದ್ದರೆ ಸಾಕಿತ್ತು. ಯಂತ್ರ ಲೆಕ್ಕ ಇಡಲಿ. ಸಾವಿರ ಹೆಸರು ಆರಿಸಿ ಕೊಡಲಿ. ಆದರೆ ಆ ಸಾವಿರಕ್ಕೆ 29 ಲಕ್ಷ ಅಂತ ಬರೆಯುವ ಮೊದಲು ಒಬ್ಬ ಮನುಷ್ಯ ಅಂಗಡಿ ತನಕ ಹೋಗಲಿ. ಏನು ಮಾರುತ್ತೀರಿ, ಈ ಒಂದು ಲಕ್ಷ ಯಾರದ್ದು, ಆ ನಲವತ್ತು ಸಾವಿರ ಗಣಪತಿಯದ್ದಾ, ಅಂತ ಕೇಳಲಿ. ಒಂದು ಚಹಾ ಕುಡಿದು ಬರಲಿ. ಹಾವೇರಿಗೆ ಯಾರಾದರೂ ಹೋಗಿದ್ದರೆ ಗಾಡಿ ಮೇಲೆ ಬದನೆಕಾಯಿ ಕಾಣುತ್ತಿತ್ತು. ಸಿಬ್ಬಂದಿ ಇಲ್ಲ ಅನ್ನುತ್ತಾರೆ. ಎರಡಾಣೆಗೋಸ್ಕರ ಒಂದು ಖಾಸಗಿ ಬ್ಯಾಂಕು 1928ರಲ್ಲಿ ಪ್ರತಿದಿನ ಪ್ರತಿ ಬಾಗಿಲಿಗೂ ಜನ ಕಳಿಸಿತ್ತು. ಲಕ್ಷಗಟ್ಟಲೆ ಕೇಳುವ ಸರ್ಕಾರಕ್ಕೆ ಒಂದು ಸಲ ಕಳಿಸಲು ಆಗುವುದಿಲ್ಲವಾ? ಮತ್ತೆ ತೆರಿಗೆ ಇರುವ ವ್ಯಾಪಾರ, ಇಲ್ಲದ ವ್ಯಾಪಾರ, ಮನೆ ದುಡ್ಡು ಬೇರೆ ಬೇರೆ ಇಟ್ಟುಕೊಳ್ಳಿ ಅಂತ ಡಬ್ಬಿ ಕೊಡುವ ದಿನವೇ ಹೇಳಬೇಕಿತ್ತು. ಡಬ್ಬಿ ಮಾರಲು ಬಂದ ಹುಡುಗ ಬಾಡಿಗೆ ಎಷ್ಟು ಅಂತ ಮಾತ್ರ ಹೇಳಿದ್ದ.

ನಮ್ಮ ಚಹಾದವರು ಈಗ ಡಬ್ಬಿ ಮತ್ತೆ ಹೊರಗಿಟ್ಟಿದ್ದಾರೆ. ಕ್ಯಾಶ್ ಮಾತ್ರ ಅಂದರೆ ಕಾಲೇಜಿನ ಮಕ್ಕಳು ಎದುರಿನ ಅಂಗಡಿಗೆ ಹೋಗುತ್ತಾರೆ, ಎಂತ ಮಾಡುವುದು. ಆದರೆ ಹೊಸ ಸಿಮ್ ಹಾಕಿ ಇನ್ನೊಂದು ಖಾತೆ ಮಾಡಿಸಿದ್ದಾರೆ. ಒಂದು ಅಂಗಡಿಗೆ, ಒಂದು ಮನೆಗೆ. ವಂತಿಗೆಗೆ ಸಮಿತಿಯ ಹೆಸರಲ್ಲೇ ಮೂರನೆಯದು ಮಾಡಿಸಬೇಕಂತೆ, ಓಡಾಡುತ್ತಿದ್ದಾರೆ.

ಮೊನ್ನೆ 45 ರೂಪಾಯಿ ಕೊಡಲು ಗಲ್ಲಾದ ಮೇಲೆ ಬಿದ್ದಿದ್ದ ಕಾರ್ಡಿಗೆ ಫೋನ್ ಹಿಡಿದೆ. ಎಣ್ಣೆ ಬಾಣಲೆ ಬಿಟ್ಟು ಓಡಿ ಬಂದರು.

"ತಡೀರಿ ತಡೀರಿ, ಅದಕ್ಕೆ ಬೇಡ. ಅದು ಅಮ್ಮಂದು!"